ಸಿಲಿಂಡರಿನಲ್ಲಿ ಮೇಲೆದ್ದ ಕೆಸರು

ನಮ್ಮೂರು ಬಾಗಲೂರಿನ ಪಕ್ಕದ ಒಂದು ಹಳ್ಳಿ. ಹೊಸೂರು ತಾಲ್ಲೂಕು, ಕೃಷ್ಣಗಿರಿ ಜಿಲ್ಲೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಆಫೀಸಿನಲ್ಲಿ ತಮಿಳು. ಹೊಳೆಗೂ ಹಾಗೇ ಮೂರು ಹೆಸರು. ನಾವು ದಕ್ಷಿಣ ಪಿನಾಕಿನಿ ಅಂತೀವಿ, ತಮಿಳಿನವರು ತೆನ್‌ಪೆಣ್ಣೈ ಅಂತಾರೆ, ನಕ್ಷೆಯಲ್ಲಿ ಪೊನ್ನೈಯಾರ್ ಅಂತ ಇರುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಹೊಸಕೋಟೆ ಕಡೆಯಿಂದ ಇಳಿದು ಬರುತ್ತದೆ. ದಾರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ಸೇರುತ್ತದೆ. ಕೊಡಿಯಾಲಂ ಹತ್ತಿರ ತಮಿಳುನಾಡಿಗೆ ಕಾಲಿಟ್ಟು ಕೆಲವರಪಳ್ಳಿ ಅಣೆಕಟ್ಟಿಗೆ ಹೋಗುತ್ತದೆ.

ಅಪ್ಪನ ಜಮೀನು ಹೊಳೆಗೆ ಹತ್ತಿರ. ಎರಡೂವರೆ ಎಕರೆ. ಟೊಮೆಟೊ, ಎಲೆಕೋಸು, ಒಂದು ಪಟ್ಟಿ ಗುಲಾಬಿ. ನಾನು ಗಡಿ ದಾಟಿ, ಅತ್ತಿಬೆಲೆ ಆಚೆ, ಒಂದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್. ನಮ್ಮ ಘಟಕದ ನೀರು ರಾಜಕಾಲುವೆಗೆ ಹೋಗುತ್ತದೆ, ಅಲ್ಲಿಂದ ಕೆರೆಗೆ, ಕೆರೆ ತುಂಬಿದರೆ ಇದೇ ಹೊಳೆಗೆ. ಅಂದರೆ ನಾನು ಬೆಳಿಗ್ಗೆ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡುವ ನೀರು ಸ್ವಲ್ಪ ದಿನದ ಮೇಲೆ ಅಪ್ಪನ ಪಂಪಿನ ಬಾಯಿಗೆ ಬರುತ್ತದೆ. ಇದು ಕೆಲಸಕ್ಕೆ ಸೇರಿದ ಮೊದಲ ದಿನವೇ ಗೊತ್ತಿತ್ತು. ಆದರೆ ನಿಜವಾಗಿ ಮನಸ್ಸಿಗೆ ತಟ್ಟಿದ್ದು ಅಪ್ಪ ಫುಟ್‌ವಾಲ್ವ್ ಮೇಲೆತ್ತಿದ ದಿನ.

ಆವತ್ತು ಪಂಪ್ ಓಡುತ್ತಿತ್ತು, ನೀರು ಬರುತ್ತಿರಲಿಲ್ಲ. ಅಪ್ಪ ಪೈಪು ಎಳೆದರು. ವಾಲ್ವಿನ ಜಾಲರಿ ಕಾಣುತ್ತಲೇ ಇರಲಿಲ್ಲ. ಅದರ ಸುತ್ತ ಕೂದಲಿನ ಹಾಗೆ ಕಪ್ಪು ಬೇರು ಸುತ್ತಿಕೊಂಡಿತ್ತು. ಅಂತರಗಂಗೆಯ ಬೇರು. ತಮಿಳಿನವರು ಆಕಾಯತ್ತಾಮರೈ ಅನ್ನುವ ಗಿಡ. ಅಪ್ಪ ಕುಡುಗೋಲಿನಲ್ಲಿ ಕೆರೆದು ಕೆರೆದು ತೆಗೆದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು.

"ಏನಮ್ಮಾ, ನೀವು ಅಲ್ಲಿ ನೀರು ಕ್ಲೀನ್ ಮಾಡಿ ತಾನೇ ಬಿಡೋದು? ಮತ್ತೆ ಇದು ಏನು ತಿಂದು ಇಷ್ಟು ಬೆಳೀತು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಎರಡು ವರ್ಷದ ಕಥೆ ಇದು.

ಮೊದಲು ಒಂದು ಮಾತು. ಕೆಲವರಪಳ್ಳಿಯಲ್ಲಿ ಏಳುವ ನೊರೆ ನೀವು ಟಿವಿಯಲ್ಲಿ ನೋಡಿರುತ್ತೀರಿ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದದ್ದೂ ನೆನಪಿರಬಹುದು. ನೊರೆ, ಕಳೆ, ಬೆಂಕಿ ಎಲ್ಲವನ್ನೂ ಜನ "ಕೆಮಿಕಲ್" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಹಾಗಲ್ಲ. ನೊರೆಗೆ ಮುಖ್ಯವಾಗಿ ಸೋಪು, ಡಿಟರ್ಜೆಂಟು ಕಾರಣ. ಕಳೆಗೆ ಕಾರಣ ಗೊಬ್ಬರ. ಸಾರಜನಕ ಮತ್ತು ರಂಜಕ. ಅಪ್ಪನ ಭಾಷೆಯಲ್ಲಿ ಹೇಳಬೇಕೆಂದರೆ ಯೂರಿಯಾ ಮತ್ತು ಡಿಎಪಿ.

ನಮ್ಮದು ದಿನಕ್ಕೆ 2 ಕೋಟಿ ಲೀಟರಿನ ಘಟಕ. ಕಟ್ಟಿದಾಗ ಅದಕ್ಕೆ ವಹಿಸಿದ್ದ ಕೆಲಸ ಒಂದೇ: ನೀರಿನಲ್ಲಿ ಕೊಳೆಯುವ ಪದಾರ್ಥ ತೆಗೆಯುವುದು. ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುತ್ತೇವೆ, ಅವು ಕೊಳೆ ತಿನ್ನುತ್ತವೆ, ಆಮೇಲೆ ಕ್ಲಾರಿಫೈಯರ್‌ನಲ್ಲಿ ತಳಕ್ಕೆ ಕೂರುತ್ತವೆ. ಕ್ಲಾರಿಫೈಯರ್ ಅಂದರೆ ನೀರು ನಿಂತು ತಿಳಿಯಾಗುವ ತೊಟ್ಟಿ; ಹಾಗೆ ಕೂತ ಬ್ಯಾಕ್ಟೀರಿಯಾ ರಾಶಿಗೇ ಕೆಸರು ಅನ್ನುತ್ತೇವೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಂಡುಹಿಡಿದ ವಿಧಾನ, ಈಗಲೂ ಅದೇ. ನಮ್ಮ ಔಟ್‌ಲೆಟ್ ನೀರು ನೋಡಲು ತಿಳಿಯಾಗಿತ್ತು. ಬಾಟಲಿ ಹಿಂದೆ ಪೇಪರ್ ಇಟ್ಟರೆ ಓದಬಹುದಿತ್ತು. ನೋಡಲು ಬಂದವರೆಲ್ಲ ಮೆಚ್ಚಿ ಫೋಟೋ ತೆಗೆದುಕೊಳ್ಳುತ್ತಿದ್ದರು.

ಅದೇ ಬಾಟಲಿಯನ್ನು ಪರೀಕ್ಷೆಗೆ ಹಾಕಿದರೆ ಬೇರೆ ಕಥೆ. ಒಳಗೆ ಬರುವಾಗ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇದ್ದರೆ ಹೊರಗೆ ಹೋಗುವಾಗ 30 ಇರುತ್ತಿತ್ತು. ರಂಜಕ 6 ಬಂದು 5 ಹೋಗುತ್ತಿತ್ತು. ಬ್ಯಾಕ್ಟೀರಿಯಾ ತಮ್ಮ ಮೈ ಬೆಳೆಸಿಕೊಳ್ಳಲು ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಾಗೇ ಬಿಡುತ್ತಿದ್ದವು.

ಒಂದು ಭಾನುವಾರ ಜಗಲಿ ಮೇಲೆ ಕೂತು ಅಪ್ಪನಿಗೆ ಲೆಕ್ಕ ಹಾಕಿ ತೋರಿಸಿದೆ. 2 ಕೋಟಿ ಲೀಟರು, ಲೀಟರಿಗೆ 30 ಮಿಲಿಗ್ರಾಂ. ದಿನಕ್ಕೆ 600 ಕಿಲೋ ಸಾರಜನಕ. ಯೂರಿಯಾದಲ್ಲಿ 100ಕ್ಕೆ 46 ಪಾಲು ಸಾರಜನಕ. ಹಾಗಾದರೆ ಸುಮಾರು 1,300 ಕಿಲೋ ಯೂರಿಯಾ. 45 ಕಿಲೋ ಮೂಟೆಯಲ್ಲಿ 29 ಮೂಟೆ. ರಂಜಕ ದಿನಕ್ಕೆ 100 ಕಿಲೋ, ಅಂದರೆ 50 ಕಿಲೋ ಡಿಎಪಿ ಮೂಟೆ 10. ದಿನಾ. ಒಂದೇ ಒಂದು ಚಿಕ್ಕ ಘಟಕದಿಂದ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಸೊಸೈಟಿ ಮುಂದೆ ಎರಡು ಮೂಟೆ ಯೂರಿಯಾಕ್ಕೆ ಅರ್ಧ ದಿನ ಕ್ಯೂ ನಿಂತವರು ಅವರು.

ನಿಯಮ ಬಂದದ್ದು ತಡವಾಗಿ. 2017ರಲ್ಲಿ ಕೇಂದ್ರ ಪರಿಸರ ಮಂತ್ರಾಲಯ ಹೊರಡಿಸಿದ ಮಾನದಂಡದಲ್ಲಿ ಸಾರಜನಕ, ರಂಜಕದ ಹೆಸರೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಬಿಗಿ ಮಾಡಿತು. ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ಕೆರೆ, ಕುಂಟೆಗೆ ಬಿಡುವುದಾದರೆ ರಂಜಕ 1 ದಾಟಬಾರದು. ನಮ್ಮ 30 ಮತ್ತು 5 ಎಲ್ಲಿ, ಈ 10 ಮತ್ತು 1 ಎಲ್ಲಿ! ಹಾಗಾಗಿ ಘಟಕವನ್ನು ಮೇಲ್ದರ್ಜೆಗೆ ಏರಿಸುವ ಕೆಲಸ ಶುರುವಾಯಿತು.

ಕಟ್ಟಡದ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಇರುವ ಎರಡು ತೊಟ್ಟಿಗಳಿಗೇ ಅಡ್ಡಗೋಡೆ ಹಾಕಿ ಮೂರು ಮೂರು ಭಾಗ ಮಾಡಿದರು. ಒಂದು ತೊಟ್ಟಿ ಖಾಲಿ ಮಾಡಿ ಗೋಡೆ ಕಟ್ಟುವಾಗ ಎಲ್ಲಾ ನೀರೂ ಇನ್ನೊಂದರ ಮೇಲೆ ಬೀಳುತ್ತಿತ್ತು. ಊರಿನ ಬಚ್ಚಲು ನೀರನ್ನು ನಿಲ್ಲಿಸಲು ಆಗುತ್ತದಾ? ಆ ಐದು ತಿಂಗಳಲ್ಲಿ ಎರಡು ಸಲ ಕೆಸರು ಕ್ಲಾರಿಫೈಯರ್ ದಾಟಿ ಹೊರಗೆ ಹೋಯಿತು. ಕಂದು ಬಣ್ಣದ ನೀರು ಕಾಲುವೆಗೆ ಇಳಿಯುವುದನ್ನು ನಿಂತು ನೋಡಿದ್ದೇನೆ. ಆ ರಾತ್ರಿ ಊರಿಗೆ ಬಸ್ ಹತ್ತಲು ಮನಸ್ಸಾಗಲಿಲ್ಲ.

ಈ ಮೂರು ಭಾಗದ ಉಪಾಯ ಬಹಳ ಚೆನ್ನಾಗಿದೆ, ಅದನ್ನು ಬಿಡಿಸಿ ಹೇಳಬೇಕು. ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ ಎಂಬ ಎಂಜಿನಿಯರ್ 1970ರ ದಶಕದ ಆರಂಭದಲ್ಲಿ ಪ್ರಿಟೋರಿಯಾದಲ್ಲಿ ಪ್ರಯೋಗ ಮಾಡಿ ದಾರಿ ತೋರಿಸಿದರು. ಬೇರೆ ಕೆಮಿಕಲ್ ಸುರಿಯದೆ, ಇರುವ ಬ್ಯಾಕ್ಟೀರಿಯಾಗಳಿಗೇ ಬೇರೆ ಬೇರೆ ಪರಿಸ್ಥಿತಿ ಕೊಟ್ಟು ಕೆಲಸ ತೆಗೆಯುವುದು.

ಸಾರಜನಕದ ಕೆಲಸ ಎರಡು ಹಂತದ್ದು. ಕೊನೆಯ ಭಾಗದಲ್ಲಿ ಗಾಳಿ ಊದುತ್ತೇವೆ. ಕೊಳಚೆಯ ಸಾರಜನಕ ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ; ಅಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಇವು ನಿಧಾನಸ್ಥರು. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಒಂದು ಎರಡಾದರೆ ಇವಕ್ಕೆ ದಿನವೇ ಬೇಕು. ಹಾಗಾಗಿ ಮೊದಲು ಐದು ದಿನಕ್ಕೆ ತೆಗೆದು ಹಾಕುತ್ತಿದ್ದ ಕೆಸರನ್ನು ಈಗ 12 ದಿನ ತೊಟ್ಟಿಯಲ್ಲೇ ಇಟ್ಟುಕೊಳ್ಳುತ್ತೇವೆ. ಇವು ಗಾಳಿಯನ್ನೂ ಸಿಕ್ಕಾಪಟ್ಟೆ ಕುಡಿಯುತ್ತವೆ. ಒಂದು ಕಿಲೋ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಕಿಲೋಗಿಂತ ಜಾಸ್ತಿ ಆಮ್ಲಜನಕ ಬೇಕು.

ಹೀಗೆ ಆದ ನೈಟ್ರೇಟನ್ನು ಪಂಪ್ ಮಾಡಿ ನಡುವಿನ ಭಾಗಕ್ಕೆ ವಾಪಸ್ ತರುತ್ತೇವೆ. ಅಲ್ಲಿ ಗಾಳಿ ಇಲ್ಲ, ಮಿಕ್ಸರ್ ಮಾತ್ರ ಮೆಲ್ಲಗೆ ತಿರುಗುತ್ತದೆ. ಗಾಳಿ ಸಿಗದ ಬ್ಯಾಕ್ಟೀರಿಯಾ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಉಳಿದ ಸಾರಜನಕ ಗುಳ್ಳೆಯಾಗಿ ಆಕಾಶಕ್ಕೆ ಹೋಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಅದೇ ತಾನೇ.

ಅಪ್ಪನಿಗೆ ಇದನ್ನು ಹೇಳಿದಾಗ ತಕ್ಷಣ ಅರ್ಥ ಆಯಿತು. "ಕಡಲೆಕಾಯಿ ಬೇರಿನ ಗಂಟಿಂದು ಉಲ್ಟಾ" ಅಂದರು. ಆ ಗಂಟು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುತ್ತದಲ್ಲ. ಆಮೇಲೆ ಅವರೇ, "ಅದಕ್ಕೇ ನೀರು ನಿಂತ ಗದ್ದೆಗೆ ಯೂರಿಯಾ ಎರಚಬೇಡ ಅಂತಿದ್ದರು ನಮ್ಮಪ್ಪ, ಎಲ್ಲಾ ಹಾರಿಹೋಗುತ್ತೆ ಅಂತ" ಅಂದರು. ಹೌದು, ಅಲ್ಲಿ ಹಾರಿಹೋಗುವುದರಲ್ಲಿ ಒಂದು ಪಾಲು ಹೀಗೇ. ತಾತ ಗದ್ದೆಯಲ್ಲಿ ನಷ್ಟ ಅಂದುಕೊಂಡಿದ್ದನ್ನು ನಾವು ತೊಟ್ಟಿಯಲ್ಲಿ ಬೇಕೂಂತ ಮಾಡಿಸುತ್ತಿದ್ದೇವೆ.

ಕಾಗದದ ಮೇಲೆ ಎಲ್ಲಾ ಸರಿ. ಘಟಕ ಚಾಲೂ ಆಗಿ ಆರು ವಾರಕ್ಕೆ ಅಮೋನಿಯಾ 1ಕ್ಕಿಂತ ಕೆಳಗೆ ಬಂತು. ಎಲ್ಲರಿಗೂ ಖುಷಿ. ಆದರೆ ನೈಟ್ರೇಟ್ 19ಕ್ಕೆ ನಿಂತು ಕೆಳಗೆ ಇಳಿಯಲೇ ಇಲ್ಲ. ಒಟ್ಟು ಸಾರಜನಕ 21. ಕಂಟ್ರಾಕ್ಟರ್ ಕಡೆಯ ಎಂಜಿನಿಯರ್ ಬಂದು ನೋಡಿ, ನಡುವಿನ ಭಾಗದ ಬ್ಯಾಕ್ಟೀರಿಯಾಗಳಿಗೆ ಊಟ ಸಾಲುತ್ತಿಲ್ಲ, ಕಾಕಂಬಿ ಹಾಕಬೇಕು ಅಂದರು. ಟ್ಯಾಂಕರ್ ಕಾಕಂಬಿಗೆ ಕೊಟೇಶನ್ ಕೂಡ ಬಂತು. ಸಕ್ಕರೆ ಕಾರ್ಖಾನೆಯ ಕಾಕಂಬಿ ದಿನಾ ಕೊಂಡು ಸುರಿಯುವುದು ಅಂದರೆ ತಿಂಗಳ ಖರ್ಚು ಎಷ್ಟು ಅಂತ ಯೋಚಿಸಿ. ಬರುವ ಕೊಳಚೆ ನೀರು ನೋಡಿದರೆ ನನಗೆ ಊಟ ಕಮ್ಮಿ ಅಂತ ಅನಿಸಲಿಲ್ಲ.

ಉತ್ತರ ಸಿಕ್ಕಿದ್ದು ಒಂದು ಲೀಟರಿನ ಗಾಜಿನ ಸಿಲಿಂಡರಿನಲ್ಲಿ. ಇದು ನಮ್ಮ ದಿನದ ಪರೀಕ್ಷೆ. ತೊಟ್ಟಿಯ ಕೆಸರು ನೀರನ್ನು ಸಿಲಿಂಡರಿಗೆ ತುಂಬಿ 30 ನಿಮಿಷ ಸುಮ್ನೆ ಬಿಡಬೇಕು. ಕೆಸರು ಎಷ್ಟಕ್ಕೆ ಕೂತಿತು ಅಂತ ಬರೆದು, ತೊಳೆದು ಇಡಬೇಕು. ಆವತ್ತು ರಾತ್ರಿ ಶಿಫ್ಟು. 30 ನಿಮಿಷಕ್ಕೆ 280 ಮಿಲಿ, ಚೆನ್ನಾಗಿ ಕೂತಿತ್ತು. ಬರೆದುಕೊಂಡೆ. ಅಷ್ಟರಲ್ಲಿ ಫೋನ್ ಬಂತು, ಸಿಲಿಂಡರ್ ತೊಳೆಯದೆ ಹಾಗೇ ಬಿಟ್ಟು ಹೋದೆ. ವಾಪಸ್ ಬಂದಾಗ ಕೆಸರು ತಳದಲ್ಲಿ ಇರಲಿಲ್ಲ. ಇಡೀ ಕೆಸರಿನ ದಿಂಡು ಮೇಲೆ ಬಂದು ತೇಲುತ್ತಿತ್ತು. ಕೆಳಗೆ ತಿಳಿ ನೀರು. ದೋಸೆ ಹಿಟ್ಟು ಹುಳಿ ಬಂದು ಉಬ್ಬಿರುತ್ತಲ್ಲ, ಹಾಗೆ. ಟಾರ್ಚ್ ಹಿಡಿದು ನೋಡಿದೆ. ಕೆಸರಿನ ಒಳಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಸಿಲಿಂಡರನ್ನು ಬೆರಳಲ್ಲಿ ತಟ್ಟಿದರೆ ಗುಳ್ಳೆ ಹಾರಿ ಒಂದು ತುಂಡು ಕೆಸರು ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು.

ಅದು ಸಾರಜನಕದ ಗುಳ್ಳೆ. ಅಂದರೆ ಈ ಬ್ಯಾಕ್ಟೀರಿಯಾಗಳಿಗೆ ಕೆಲಸ ಬರುತ್ತದೆ! ನನ್ನ ಮೇಜಿನ ಮೇಲೆ, ಕಾಕಂಬಿ ಇಲ್ಲದೆ, ಒಂದು ಗಂಟೆಯೊಳಗೆ ಮಾಡಿ ತೋರಿಸಿವೆ. ಹಾಗಾದರೆ ತೊಟ್ಟಿಯಲ್ಲಿ ಯಾಕೆ ಮಾಡುತ್ತಿಲ್ಲ? ಸಿಲಿಂಡರಿನಲ್ಲಿ ಇಲ್ಲದ್ದು, ತೊಟ್ಟಿಯಲ್ಲಿ ಇರುವುದು ಒಂದೇ. ಗಾಳಿ.

ರಾತ್ರಿ 3 ಗಂಟೆಗೆ ಆಮ್ಲಜನಕ ಅಳೆಯುವ ಮೀಟರ್ ಹಿಡಿದು ತೊಟ್ಟಿಯ ಮೇಲೆ ಹೋದೆ. ನಮ್ಮ ಆಪರೇಟರ್ ಅಣ್ಣ ಜೊತೆಗೆ ಬಂದರು. ಡೆಂಕಣಿಕೋಟೆ ಕಡೆಯವರು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಗಾಳಿಯ ಭಾಗದ ಕೊನೆಯಲ್ಲಿ, ವಾಪಸ್ ಪಂಪ್ ನೀರು ಎತ್ತುವ ಜಾಗದಲ್ಲಿ ಇಳಿಬಿಟ್ಟೆ. ಲೀಟರಿಗೆ 5.1 ಮಿಲಿಗ್ರಾಂ. ಅಲ್ಲಿ 2 ಇದ್ದರೆ ಸಾಕು. ಗಾಳಿಯೇ ಇರಬಾರದ ನಡುವಿನ ಭಾಗದಲ್ಲಿ 1.3 ತೋರಿಸಿತು. ರಾತ್ರಿ ಊರು ಮಲಗಿರುತ್ತದೆ, ಕೊಳೆ ಕಮ್ಮಿ ಬರುತ್ತದೆ. ಗಾಳಿ ಊದುವ ಬ್ಲೋವರ್ ಮಾತ್ರ ಹಗಲಿನ ವೇಗದಲ್ಲೇ ಓಡುತ್ತಿತ್ತು. ಮಿಕ್ಕಿದ ಗಾಳಿಯನ್ನು ನಾವೇ ಪಂಪ್ ಮಾಡಿ ನಡುವಿನ ಭಾಗಕ್ಕೆ ತಂದು ಸುರಿಯುತ್ತಿದ್ದೆವು. ಗಾಳಿ ಸಿಕ್ಕಿದರೆ ಬ್ಯಾಕ್ಟೀರಿಯಾ ನೈಟ್ರೇಟಿನ ಕಡೆ ತಿರುಗಿಯೂ ನೋಡುವುದಿಲ್ಲ.

"ಗಾಳಿ ಕಮ್ಮಿ ಮಾಡೋದಾ ಮೇಡಂ? ಅಮೋನಿಯಾ ಏರಿದರೆ?" ಅಂದರು ಅಣ್ಣ. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಇಷ್ಟು ವರ್ಷ ಅವರಿಗೆ ಎಲ್ಲರೂ ಹೇಳಿಕೊಟ್ಟಿದ್ದು ಗಾಳಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ. ನಾನು ಅರ್ಧ ಗಂಟೆಗೊಮ್ಮೆ ಅಮೋನಿಯಾ ನೋಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ಅವರೇ ಬ್ಲೋವರ್ ವೇಗವನ್ನು 48 ಹರ್ಟ್ಸ್‌ನಿಂದ 38ಕ್ಕೆ ಇಳಿಸಿದರು. ಬೆಳಿಗ್ಗೆ 6ರವರೆಗೆ ಇಬ್ಬರೂ ಕೂರಲಿಲ್ಲ. ಅಮೋನಿಯಾ ಏರಲಿಲ್ಲ. ಹತ್ತು ದಿನದಲ್ಲಿ ನೈಟ್ರೇಟ್ 19ರಿಂದ 13ಕ್ಕೆ, ಆಮೇಲೆ 8ಕ್ಕೆ ಬಂತು. ಕಾಕಂಬಿ ಕೊಟೇಶನ್ ಫೈಲಿನಲ್ಲೇ ಉಳಿಯಿತು. ಕರೆಂಟ್ ಬಿಲ್ಲೂ ಇಳಿಯಿತು.

8ಕ್ಕಿಂತ ಕೆಳಗೆ ಯಾಕೆ ಹೋಗುತ್ತಿಲ್ಲ ಅಂತ ಮೇಲಿನವರು ಆಗಾಗ ಕೇಳುತ್ತಾರೆ. ಅದಕ್ಕೂ ಲೆಕ್ಕ ಇದೆ. ಬರುವ ನೀರಿನ 4 ಪಟ್ಟನ್ನು ನಾವು ಒಳಗೇ ತಿರುಗಿಸುತ್ತೇವೆ. ಆಗ 5ರಲ್ಲಿ 4 ಪಾಲು ನೈಟ್ರೇಟ್ ವಾಪಸ್ ಹೋಗುತ್ತದೆ, 1 ಪಾಲು ಹೊರಬಾಗಿಲಿಗೆ ಹೋಗಿಯೇ ಹೋಗುತ್ತದೆ. ಪಂಪ್ ಇನ್ನೂ ಜಾಸ್ತಿ ಓಡಿಸಿದರೆ ಮತ್ತೆ ಗಾಳಿ ನಡುವಿನ ಭಾಗಕ್ಕೆ ಬರುತ್ತದೆ. 10ರ ಒಳಗೆ ದಿನಾ ಇರುವುದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಒಂದು ದಿನ 4 ತೋರಿಸಿ ಮರುದಿನ 15 ಬಿಟ್ಟರೆ ಹೊಳೆಗೆ ಏನು ಬಂತು?

ರಂಜಕದ್ದು ಇದಕ್ಕಿಂತ ಹಟ. ಅದು ಗಾಳಿಗೆ ಹಾರುವುದಿಲ್ಲ. ಎಲ್ಲಾದರೂ ಇರಲೇಬೇಕು, ನೀರಿನಲ್ಲಿ ಅಥವಾ ಕೆಸರಿನಲ್ಲಿ. ಆದರೆ ಸಿಹಿನೀರಿನ ಕೆರೆಗಳಲ್ಲಿ ಹೆಚ್ಚಾಗಿ ಕೀಲಿಕೈ ಇರುವುದು ಅದರ ಹತ್ತಿರವೇ. 1973ರಲ್ಲಿ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ ಒಂದು ಕೆರೆಯನ್ನು ಸೊಂಟದ ಹತ್ತಿರ ಪರದೆ ಹಾಕಿ ಎರಡು ಮಾಡಿತು. 226ನೇ ನಂಬರಿನ ಕೆರೆ. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆ ಹಸಿರು ಪಾಚಿ ಕಟ್ಟಿತು, ಈ ಕಡೆ ನೀರು ನೀರಾಗಿಯೇ ಇತ್ತು. ಮೇಲಿನಿಂದ ತೆಗೆದ ಆ ಫೋಟೋ ನನ್ನ ಫೋನಿನಲ್ಲಿದೆ. ಘಟಕ ನೋಡಲು ಬರುವ ಮಕ್ಕಳಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ನಮ್ಮ ತೊಟ್ಟಿಯ ಮೊದಲ ಭಾಗ ಇರುವುದು ಈ ರಂಜಕಕ್ಕಾಗಿ. ಅಲ್ಲಿ ಗಾಳಿಯೂ ಇಲ್ಲ, ನೈಟ್ರೇಟೂ ಇಲ್ಲ. ಒಂದು ಬಗೆಯ ಬ್ಯಾಕ್ಟೀರಿಯಾ ಆ ಕಷ್ಟದಲ್ಲಿ ತಮ್ಮಲ್ಲಿರುವ ರಂಜಕವನ್ನು ಹೊರಗೆ ಬಿಟ್ಟು, ಅದರಿಂದ ಬಂದ ಶಕ್ತಿಯಲ್ಲಿ ಊಟ ಕೂಡಿಟ್ಟುಕೊಳ್ಳುತ್ತವೆ. ಮುಂದೆ ಗಾಳಿ ಸಿಕ್ಕಾಗ ಬಿಟ್ಟಿದ್ದಕ್ಕಿಂತ ಜಾಸ್ತಿ ರಂಜಕ ವಾಪಸ್ ಎಳೆದುಕೊಳ್ಳುತ್ತವೆ. ಆ ಕೆಸರನ್ನು ತೆಗೆದು ಹಿಂಡಿದರೆ ರಂಜಕ ಅದರ ಜೊತೆ ಹೋಯಿತು.

ರಂಜಕದ ಪರೀಕ್ಷೆ ನನಗೆ ಇಷ್ಟ. ಮಾದರಿಗೆ ದ್ರಾವಣ ಹಾಕಿ ಹತ್ತು ನಿಮಿಷ ಕಾದರೆ ನೀಲಿ ಬಣ್ಣ ಬರುತ್ತದೆ. ರಂಜಕ ಜಾಸ್ತಿ ಇದ್ದಷ್ಟೂ ಗಾಢ ನೀಲಿ. ಬುಧವಾರದಿಂದ ಶನಿವಾರದವರೆಗೆ ತೆಳು ನೀಲಿ, 0.8 ಹತ್ತಿರ. ಮಂಗಳವಾರ ಮಾತ್ರ ಇಂಕಿನ ಹಾಗೆ, 2.6. ಪ್ರತಿ ಮಂಗಳವಾರ! ನಾಲ್ಕು ವಾರ ಹೀಗೇ ಆಯಿತು. ಊರಿನವರೆಲ್ಲ ಸೋಮವಾರ ಬಟ್ಟೆ ಒಗೆಯುತ್ತಾರಾ ಅಂತ ಕೂಡ ಯೋಚಿಸಿದೆವು. ಇನ್‌ಲೆಟ್ ನೋಡಿದರೆ ಅಲ್ಲಿ ಏನೂ ವ್ಯತ್ಯಾಸ ಇಲ್ಲ.

ಆಮೇಲೆ ಹೊಳೆಯಿತು. ಭಾನುವಾರ ಕೆಸರು ಹಿಂಡುವ ಯಂತ್ರಕ್ಕೆ ರಜೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ, ಹಿಂಡಲು ತೆಗೆದ ಕೆಸರು ಅದರದೇ ತೊಟ್ಟಿಯಲ್ಲಿ ಗಾಳಿ ಇಲ್ಲದೆ ಕೂತಿರುತ್ತಿತ್ತು. ಅಲ್ಲಿ ಬ್ಯಾಕ್ಟೀರಿಯಾ ಮತ್ತೆ ರಂಜಕ ಬಿಟ್ಟುಬಿಡುತ್ತಿದ್ದವು. ಸೋಮವಾರ ಹಿಂಡಿದಾಗ ಬರುವ ನೀರು ಪೈಪಿನಲ್ಲಿ ನೇರ ಘಟಕದ ತಲೆಗೆ ವಾಪಸ್. ಆ ನೀರನ್ನು ಹಿಡಿದು ಅಳೆದೆ. ಊರಿನಿಂದ ಬರುವ ಕೊಳಚೆಯಲ್ಲಿ 6 ಇದ್ದರೆ ಇದರಲ್ಲಿ 70. ಕಷ್ಟಪಟ್ಟು ಹಿಡಿದದ್ದನ್ನು ನಾವೇ ವಾರಕ್ಕೊಮ್ಮೆ ಬಿಡಿಸಿ ಒಳಗೆ ಹಾಕಿಕೊಳ್ಳುತ್ತಿದ್ದೆವು. ಈಗ ಭಾನುವಾರ ಅರ್ಧ ದಿನ ಒಬ್ಬರು ಬರುತ್ತಾರೆ, ಅವರಿಗೆ ಬುಧವಾರ ರಜೆ. ಮಂಗಳವಾರದ ನೀಲಿ ತೆಳ್ಳಗಾಯಿತು. ಜೋರು ಮಳೆಗಾಲದಲ್ಲಿ ನೀರು ತೆಳುವಾಗಿ ಬ್ಯಾಕ್ಟೀರಿಯಾಗಳಿಗೆ ಊಟ ಸಾಲದಾಗ ಮಾತ್ರ ಸ್ವಲ್ಪ ಫೆರಿಕ್ ಕ್ಲೋರೈಡ್ ಹಾಕುತ್ತೇವೆ. ಅದು ರಂಜಕವನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಆದರೆ ಕೆಸರು ಜಾಸ್ತಿ ಆಗುತ್ತದೆ, ದುಡ್ಡೂ ಖರ್ಚು.

ಅಪ್ಪನಿಗೆ ಇನ್ನೂ ಒಂದು ವಿಷಯದಲ್ಲಿ ಸಮಾಧಾನ ಇಲ್ಲ. "29 ಮೂಟೆಯನ್ನ ಗಾಳಿಗೆ ಬಿಡೋ ಬದಲು ಹೊಲಕ್ಕೆ ಬಿಡಬಹುದಲ್ವಾ?" ಅಂತ ಕೇಳುತ್ತಾರೆ. ಅವರು ಹೇಳುವುದರಲ್ಲಿ ನ್ಯಾಯ ಇದೆ. ನೀರು ನೇರವಾಗಿ ಹೊಲಕ್ಕೇ ಹೋಗುವ ಕಡೆ ಸಾರಜನಕವನ್ನು ಇಷ್ಟು ಖರ್ಚು ಮಾಡಿ ತೆಗೆಯುವುದು ಸರಿಯಲ್ಲ ಅಂತ ನನಗೂ ಅನಿಸುತ್ತದೆ. ಆದರೆ ನಮ್ಮ ನೀರು ಮೊದಲು ಹೋಗುವುದು ಕೆರೆಗೆ. ಕೆರೆಗೆ ಬೇಡದ ಗೊಬ್ಬರ ಅದು. ಬೆಳೆಗೂ ಸಮಯ ನೋಡಿ ಕೊಡಬೇಕಲ್ಲ. ಹಳೆಯ ನೀರಿನಲ್ಲಿ ಅಪ್ಪನ ಟೊಮೆಟೊ ಎದೆಮಟ್ಟ ಬೆಳೆದು ಬರೀ ಎಲೆ ಬಿಟ್ಟ ವರ್ಷ ನಮ್ಮಿಬ್ಬರಿಗೂ ನೆನಪಿದೆ.

ಹೊಳೆಯಲ್ಲಿ ಅಂತರಗಂಗೆ ಹೋಗಿಲ್ಲ. ನಮ್ಮದು ಒಂದು ಘಟಕ, ಆ ಹೊಳೆಗೆ ಬರುವ ನೀರು ಬಹಳ ಕಡೆಯದು. ಕೆರೆಗಳ ತಳದ ಹೂಳಿನಲ್ಲಿ ಹಳೆಯ ರಂಜಕವೂ ಕೂತಿದೆ, ಅದು ನಿಧಾನಕ್ಕೆ ಮೇಲೆ ಬರುತ್ತಲೇ ಇರುತ್ತದೆ. ಅಪ್ಪ ಈಗಲೂ ವಾರಕ್ಕೊಮ್ಮೆ ಫುಟ್‌ವಾಲ್ವ್ ಎತ್ತಿ ಬೇರು ಕೆರೆಯುತ್ತಾರೆ.

ಹೋದ ತಿಂಗಳು ಅವರು ಘಟಕ ನೋಡಲು ಬಂದಿದ್ದರು. ತೊಟ್ಟಿಗಳ ಮೇಲೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹಿಂಡಿದ ಕೆಸರು ಒಣಗುವ ಶೆಡ್ಡಿಗೆ ಹೋಗಿ ಒಂದು ಹಿಡಿ ಎತ್ತಿ ಪುಡಿ ಮಾಡಿದರು, ಮೂಸಿ ನೋಡಿದರು.

"ನೀನು ಹೇಳಿದ ಆ 10 ಮೂಟೆ ಡಿಎಪಿ ಇದರಲ್ಲಿದೆ ತಾನೇ?"

"ಬಹಳಷ್ಟು ಇದರಲ್ಲೇ ಇದೆ ಅಪ್ಪ."

"ಒಂದು ಟ್ರಾಕ್ಟರ್ ಲೋಡು ಕೊಡ್ತಾರಾ? ಗುಲಾಬಿಗೆ ಹಾಕಿ ನೋಡ್ತೀನಿ."

ಊರಿನ ಚರಂಡಿಗೆ ಎಲ್ಲೆಲ್ಲಿಂದಲೋ ನೀರು ಬರುತ್ತದೆ. ಸತು, ಕ್ರೋಮಿಯಂ, ಸೀಸ ಇದೆಯಾ ಅಂತ ನೋಡದೆ ಮಣ್ಣಿಗೆ ಹಾಕಲು ನಾನು ಒಪ್ಪಲಿಲ್ಲ. ಮೂರು ಕಡೆಯಿಂದ ಮಾದರಿ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದ್ದೇನೆ. "ಇರಪ್ಪ, ವರದಿ ಬರಲಿ" ಅಂದಿದ್ದೇನೆ.

ಮುಂದಿನ ವಾರ ಬರಬೇಕು. ಅಪ್ಪ ಹೊಂಗೆ ಮರದ ಕೆಳಗೆ ಒಂದು ಲೋಡಿಗೆ ಆಗುವಷ್ಟು ಜಾಗ ಸವರಿಟ್ಟಿದ್ದಾರೆ.